ಅರ್ಜಿ ನಂ. 1: ಡೇನಿಯಲ್ ಫ್ರೀಮನ್ ವಂಶವೃಕ್ಷ ಹುಡುಕಿಕೊಂಡು ಐದು ದಿನ

ಹಾಸನ ಜಿಲ್ಲೆಯ ಮೂರು ತಾಲ್ಲೂಕುಗಳಲ್ಲಿ ಮೂವತ್ತೊಂದು ವರ್ಷ ಸರ್ವೆ ಕೆಲಸ ಮಾಡಿ ನಿವೃತ್ತನಾದವನು ನಾನು. ಚೈನು ಎಳೆದಿದ್ದೇನೆ, ಬಾಂದು ಕಲ್ಲು ಹುಡುಕಿದ್ದೇನೆ, ಬಗರ್ ಹುಕುಂ ಅರ್ಜಿಗಳ ಜಾಗ ಅಳೆದು ನಕಾಶೆ ಬರೆದಿದ್ದೇನೆ. ಯಾವ ಜಮೀನಿನ ಕಡತ ಕೈಗೆ ಬಂದರೂ ಮೊದಲು ವಂಶವೃಕ್ಷದ ಹಾಳೆ ತಿರುವಿ ನೋಡುವುದು ನನ್ನ ಅಭ್ಯಾಸ. ನೆಲದ ಅಳತೆ ಆಮೇಲೆ, ಮನೆಯವರು ಮೊದಲು.

ಮಗಳು ಇರುವುದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ. ಆಗಸ್ಟ್ ಕೊನೆಯ ಒಂದು ರಾತ್ರಿ ಊಟ ಆದ ಮೇಲೆ ನಾಲ್ಕು ಹಾಳೆ ಮುದ್ರಿಸಿ ತಂದು ಮುಂದಿಟ್ಟಳು. "ನೋಡಪ್ಪ, ನಿಮ್ಮ ಇಲಾಖೆ ಕಾಗದ ಇದ್ದಂಗೇ ಇದೆ" ಅಂದಳು. ಓದಿ ನೋಡಿದೆ. ಅವಳು ಹೇಳಿದ್ದು ನಿಜವಾಗಿತ್ತು.

ಅಮೆರಿಕದಲ್ಲಿ 1862ರ ಮೇ 20ರಂದು ಲಿಂಕನ್ ಸಹಿ ಹಾಕಿದ ಹೋಮ್‌ಸ್ಟೆಡ್ ಕಾಯ್ದೆ ಎಂದು ಒಂದಿತ್ತು. ಇಪ್ಪತ್ತೊಂದು ವರ್ಷ ತುಂಬಿದವರು ಅಥವಾ ಕುಟುಂಬದ ಯಜಮಾನರು ಸರ್ಕಾರಿ ಜಮೀನು 160 ಎಕರೆಗೆ ಅರ್ಜಿ ಹಾಕಬಹುದಿತ್ತು. ಅಲ್ಲೇ ಮನೆ ಕಟ್ಟಿ, ಉತ್ತು ಬಿತ್ತು, ಐದು ವರ್ಷ ವಾಸವಿದ್ದರೆ ಜಮೀನು ಅವರದಾಗುತ್ತಿತ್ತು. ಖರ್ಚು ಎಲ್ಲ ಸೇರಿ 18 ಡಾಲರ್ ಶುಲ್ಕ. ಕಾಯ್ದೆ ಜಾರಿಗೆ ಬಂದದ್ದು 1863ರ ಜನವರಿ 1ಕ್ಕೆ. ಅದೇ ದಿನ ನೆಬ್ರಾಸ್ಕಾದ ಬ್ರೌನ್‌ವಿಲ್ ಕಚೇರಿಯಲ್ಲಿ ಅರ್ಜಿ ನಂಬರ್ ಒಂದನ್ನು ಕೊಟ್ಟವನು ಡೇನಿಯಲ್ ಫ್ರೀಮನ್. ನಮ್ಮ ಸಾಗುವಳಿ ಚೀಟಿಯ ದೊಡ್ಡಣ್ಣನಂಥ ಕಾಗದ ನನ್ನ ಕೈಯಲ್ಲಿತ್ತು.

ಮೂರನೆಯ ಹಾಳೆಯಲ್ಲಿ ಕಣ್ಣು ನಿಂತಿತು. ಐದು ವರ್ಷ ಕಳೆದ ಮೇಲೆ, 1868ರ ಜನವರಿಯಲ್ಲಿ, ನೆರೆಯ ಇಬ್ಬರು ಸಾಕ್ಷಿಗಳು ಕೊಟ್ಟ ಹೇಳಿಕೆ ಅದು. ನಮ್ಮ ಸ್ಥಳ ಮಹಜರು ಇದ್ದ ಹಾಗೆ. ಫ್ರೀಮನ್ ಕುಟುಂಬದಲ್ಲಿ 'ಒಬ್ಬ ಹೆಂಡತಿ ಮತ್ತು ಇಬ್ಬರು ಮಕ್ಕಳು' ಇದ್ದಾರೆ ಎಂದು ಬರೆದಿದೆ. ಹೆಸರಿಲ್ಲ. ಮೂವತ್ತೊಂದು ವರ್ಷದಲ್ಲಿ ಇಂಥ ಎಷ್ಟು ಹಾಳೆಗಳು ನನ್ನ ಕೈ ದಾಟಿ ಹೋದವೋ! ಆ ಹೆಂಡತಿ ಯಾರು, ಯಾವ ಊರಿನವಳು, ಆ ಮನೆಗೆ ಹೇಗೆ ಬಂದಳು ಎಂದು ಸ್ಥಳಕ್ಕೇ ಹೋಗಿ ನೋಡಬೇಕು ಅನ್ನಿಸಿತು. ಮಗಳು ರಜೆ ಹಾಕಿದಳು. ಮೊಮ್ಮಗಳ ಶಾಲೆಗೂ ಚೀಟಿ ಹೋಯಿತು. ಅಳಿಯ ಕೆಲಸದ ಒತ್ತಡದಲ್ಲಿದ್ದರು. "ನೀವು ಹೋಗಿಬನ್ನಿ ಮಾವ, ವಾಪಸ್ ಬಂದು ಎಲ್ಲ ಹೇಳಬೇಕು" ಅಂದರು. ಅವರಿಗೆ ಹೇಳಲೆಂದೇ ದಿನಾ ರಾತ್ರಿ ಬರೆದಿಟ್ಟದ್ದು ಇದು.

ಮೊದಲ ದಿನ

ಬೆಳಿಗ್ಗೆ ಆರಕ್ಕೆ ಚಿತ್ರಾನ್ನ ಕಟ್ಟಿಕೊಂಡು ಹೊರಟೆವು. ಇಲಿನಾಯ್ಸ್ ರಾಜ್ಯ ದಾಟುವವರೆಗೂ ಎರಡೂ ಕಡೆ ಜೋಳ, ಸೋಯಾ. ಹೆದ್ದಾರಿ ಬಿಟ್ಟು ಹಳ್ಳಿ ರಸ್ತೆಗೆ ಇಳಿದರೆ ಮೈಲಿಗೊಂದು ಅಡ್ಡರಸ್ತೆ, ಎಲ್ಲವೂ ನೂಲು ಹಿಡಿದಷ್ಟು ನೇರ. ಮಗಳಿಗೆ ಅದು ಬೇಸರದ ದಾರಿ. ನನಗೆ ಅದು ನೆಲದ ಮೇಲೆ ಹರಡಿಟ್ಟ ನಕಾಶೆ. 1785ರ ಶಾಸನದ ಪ್ರಕಾರ ಈ ದೇಶದ ಬಹುಭಾಗವನ್ನು ಆರು ಮೈಲಿ ಉದ್ದ, ಆರು ಮೈಲಿ ಅಗಲದ ಟೌನ್‌ಶಿಪ್‌ಗಳಾಗಿ, ಒಂದೊಂದನ್ನೂ 36 ಸೆಕ್ಷನ್‌ಗಳಾಗಿ ಕತ್ತರಿಸಿದರು. ಸೆಕ್ಷನ್ ಎಂದರೆ ಒಂದು ಚದರ ಮೈಲಿ, 640 ಎಕರೆ. ಅದರ ಕಾಲು ಭಾಗ 160. ಅಳೆದದ್ದು 66 ಅಡಿಯ ಗುಂಟರ್ ಚೈನಿನಲ್ಲಿ. ನಾನು ಕೆಲಸಕ್ಕೆ ಸೇರಿದಾಗ ಹಿಡಿದದ್ದು 33 ಅಡಿ ಚೈನು, ಸರಿಯಾಗಿ ಇದರ ಅರ್ಧ. ನಮ್ಮಲ್ಲಿ ಹಳ್ಳ, ಕಟ್ಟೆ, ಬದು ನೋಡಿಕೊಂಡು ಗೆರೆ ಬಾಗುತ್ತದೆ. ಇಲ್ಲಿ ಗೆರೆ ಮೊದಲು ಬಂದಿದೆ, ಊರು ಆಮೇಲೆ.

ಮಧ್ಯಾಹ್ನದ ಹೊತ್ತಿಗೆ ನಾಕ್ಸ್ ಕೌಂಟಿಯ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದ್ದು) ಆಬಿಂಗ್‌ಡನ್ ಮುಟ್ಟಿದೆವು. ಡೇನಿಯಲ್ ಹುಟ್ಟಿದ್ದು 1826ರಲ್ಲಿ, ಓಹಾಯೋದ ಪ್ರೆಬಲ್ ಕೌಂಟಿಯಲ್ಲಿ. ಅಲ್ಲಿಂದ ಮನೆಯವರು ನ್ಯೂಯಾರ್ಕ್ ರಾಜ್ಯಕ್ಕೆ ಹೋಗಿ, ಮತ್ತೆ ಪಶ್ಚಿಮಕ್ಕೆ ತಿರುಗಿ ಇಲ್ಲಿಗೆ ಬಂದರು. ನಮ್ಮ ಕಡೆ ಏಳು ತಲೆಮಾರು ಒಂದೇ ಹೊಲದ ಬದುವಿನಲ್ಲಿ ಕಳೆಯುವುದುಂಟು. ಇಲ್ಲಿ ಹುಡುಗನೊಬ್ಬ ದೊಡ್ಡವನಾಗುವಷ್ಟರಲ್ಲಿ ಮೂರು ರಾಜ್ಯ.

ಹಳೆಯ ದಾಖಲೆ ಇರುವ ಒಂದು ಕಚೇರಿಗೆ ಹೋದೆವು. ಮೊದಲೇ ಸಮಯ ಗೊತ್ತುಮಾಡಿಕೊಂಡು ಬರಬೇಕಿತ್ತು ಎಂದರು. ಅಷ್ಟು ದೂರದಿಂದ ಬಂದು ಬಾಗಿಲಲ್ಲೇ ನಿಂತದ್ದು ಬೇಸರವಾಯಿತು. ಆದರೆ ಗ್ರಂಥಾಲಯವೊಂದರಲ್ಲಿ ವಂಶಾವಳಿಗೆಂದೇ ಒಂದು ಕೋಣೆ ಇತ್ತು. ಅಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ನನ್ನ ಪಕ್ಕಕ್ಕೇ ಕುರ್ಚಿ ಎಳೆದುಕೊಂಡು, ಈ ದೇಶದ ಜನಗಣತಿ ಪುಸ್ತಕ ಓದುವುದನ್ನು ಹೇಳಿಕೊಟ್ಟರು. 1840ರವರೆಗಿನ ಗಣತಿಯಲ್ಲಿ ಮನೆಯ ಯಜಮಾನನ ಹೆಸರೊಂದೇ ಇರುತ್ತದಂತೆ. ಉಳಿದವರೆಲ್ಲ ವಯಸ್ಸಿನ ಪ್ರಕಾರ ಬರೀ ಸಂಖ್ಯೆ. 1850ರಿಂದ ಎಲ್ಲರ ಹೆಸರು ಬಂತು. ಯಾರು ಯಾರಿಗೆ ಏನಾಗಬೇಕು ಎಂಬುದು ಬಂದದ್ದು 1880ಕ್ಕೆ. 1890ರ ಪುಸ್ತಕಗಳು ಬಹುಪಾಲು ಸಿಗುವುದೇ ಇಲ್ಲ. 1921ರಲ್ಲಿ ವಾಷಿಂಗ್ಟನ್‌ನ ಕಟ್ಟಡಕ್ಕೆ ಬೆಂಕಿ ಬಿದ್ದು ಹಾಳಾದವು.

ನಾನು ಅವರಿಗೆ ನಮ್ಮ ಹೆಳವರ ವಿಷಯ ಹೇಳಿದೆ. ಎತ್ತಿನ ಮೇಲೆ ಕೂತು ಊರಿಗೆ ಬಂದು, ಮನೆ ಮುಂದೆ ನಿಂತು, ತಾತ ಮುತ್ತಾತಂದಿರ ಹೆಸರು ತಲೆಮಾರುಗಟ್ಟಲೆ ಹಾಡಿ ಹೇಳುತ್ತಿದ್ದವರು. ಮಗಳು ಇಂಗ್ಲಿಷಿನಲ್ಲಿ ವಿವರಿಸಿದಳು. ಆ ತಾಯಿ ಕನ್ನಡಕ ತೆಗೆದು ಕೇಳಿದ ಪ್ರಶ್ನೆ ಇದು: "ಹೆಂಗಸರ ಹೆಸರನ್ನೂ ಹೇಳುತ್ತಿದ್ದರಾ?"

ಚಿಕ್ಕಂದಿನಲ್ಲಿ ನಾನು ಕೇಳಿದ್ದರಲ್ಲಿ ನೆನಪಿಗೆ ಬಂದದ್ದೆಲ್ಲ ಗಂಡಸರ ಹೆಸರೇ. ಹಾಗೆಂದೇ ಹೇಳಿದೆ.

ಡೇನಿಯಲ್‌ನ ಮೊದಲ ಹೆಂಡತಿ ಎಲಿಜಬೆತ್. ಮಕ್ಕಳಿದ್ದವು. 1861ರಲ್ಲಿ ಅವಳು ತೀರಿಕೊಂಡಳು, ಅದೇ ವರ್ಷ ಅಂತರ್ಯುದ್ಧ ಶುರುವಾಯಿತು. ಹಾಗಾಗಿ 1868ರ ಹಾಳೆಯಲ್ಲಿರುವ ಹೆಂಡತಿ ಬೇರೆಯವಳು. ಅವಳ ತವರು ಇಲ್ಲಿಂದ ಉತ್ತರಕ್ಕೆ, ನದಿಯ ಆಚೆ ದಡದಲ್ಲಿ. ಕತ್ತಲಾಗುವ ಹೊತ್ತಿಗೆ ಮಿಸಿಸಿಪ್ಪಿ ದಾಟಿ ಅಯೋವಾದ ಲಿಕ್ಲೇರ್‌ನಲ್ಲಿ ಇಳಿದುಕೊಂಡೆವು.

ಎರಡನೆಯ ದಿನ

ಬೆಳಿಗ್ಗೆ ನದಿ ದಂಡೆಯಲ್ಲಿ ಒಂದು ಗಂಟೆ ಕೂತೆ. ಈಗ ನೀರು ಕೆರೆಯ ಹಾಗೆ ಸುಮ್ಮನಿದೆ. ಆಗ ಇಲ್ಲಿಂದ ಕೆಳಕ್ಕೆ ಹದಿನಾಲ್ಕು ಮೈಲಿ ಬಂಡೆಗಳ ಮೇಲೆ ನುಗ್ಗುವ ರಭಸದ ನೀರು. ಸ್ಟೀಮರುಗಳು ಇಲ್ಲಿ ನಿಂತು, ಬಂಡೆಗಳ ಜಾಡು ಬಲ್ಲ ಪೈಲಟ್‌ನನ್ನು ಹತ್ತಿಸಿಕೊಂಡೇ ಮುಂದೆ ಹೋಗಬೇಕಿತ್ತು. ಊರಿನವರು ಹೆಚ್ಚಾಗಿ ಹೇಳುವುದು, ಕುದುರೆ ಸವಾರಿ, ಬಂದೂಕಿನ ಪ್ರದರ್ಶನಗಳಿಂದ ಹೆಸರಾದ ಬಫಲೋ ಬಿಲ್ ಹುಟ್ಟಿದ ಜಾಗ ಎಂದು. ಅವನ ಹೆಸರಿನ ಮ್ಯೂಸಿಯಂ ಇದೆ. ನಾನು ಕೇಳಿದ ಹೆಸರು ಸೂಟರ್. ಅದು ಇಲ್ಲಿನ ನದಿ ಪೈಲಟ್‌ಗಳ ಮನೆತನ.

ಆಗ್ನೆಸ್ ಸೂಟರ್. ಹಾಳೆಯಲ್ಲಿ ಹೆಸರಿಲ್ಲದ ಹೆಂಡತಿ ಇವಳೇ.

ಅವಳಿಗೆ ಗೊತ್ತಾಗಿದ್ದ ಗಂಡು ಡೇನಿಯಲ್ ಅಲ್ಲ, ಅವನ ತಮ್ಮ ಜೇಮ್ಸ್. ಜೇಮ್ಸ್ ಅಂತರ್ಯುದ್ಧಕ್ಕೆ ಹೋದ, ಬದುಕಿ ಬರಲಿಲ್ಲ. ಸತ್ತವನ ಅಣ್ಣನಿಗೂ ಮದುವೆ ನಿಂತುಹೋದ ಈ ಹುಡುಗಿಗೂ ನಡುವೆ ಕಾಗದ ಓಡಾಡತೊಡಗಿತು. ಹೆಂಡತಿ ಸತ್ತವನು ಒಬ್ಬ, ಮದುವೆಯಾಗಬೇಕಿದ್ದವನನ್ನು ಕಳೆದುಕೊಂಡವಳು ಒಬ್ಬಳು. ಮದುವೆಯ ಮಾತು ಕೂಡ ಕಾಗದದಲ್ಲೇ ನಡೆಯಿತು. 1865ರ ಫೆಬ್ರವರಿಯಲ್ಲಿ ಮದುವೆಯಾಗಿ, ಅವಳು ನದಿಯ ಊರು ಬಿಟ್ಟು, ಮರವೇ ಅಪರೂಪವಾದ ಹುಲ್ಲುಗಾವಲಿಗೆ ಹೋದಳು.

ನಮ್ಮ ಕಡೆ ಇಂಥ ಮದುವೆಗಳನ್ನು ಕಂಡಿದ್ದೇನೆ. ಅಣ್ಣ ಸತ್ತರೆ ಅತ್ತಿಗೆಯನ್ನು ಮೈದುನನಿಗೆ ಕೂಡಾವಳಿ ಮಾಡುವ ಮನೆಗಳಿದ್ದವು. ಅಲ್ಲಿ ಹಿರಿಯರು ಕೂತು ತೀರ್ಮಾನ ಮಾಡುತ್ತಿದ್ದರು. ಇಲ್ಲಿ ಈ ಹುಡುಗಿ ತಾನೇ ಲೇಖನಿ ಹಿಡಿದಿದ್ದಳು. ಅದು ನನಗೆ ದೊಡ್ಡ ವಿಷಯ ಅನ್ನಿಸಿತು.

ಅಲ್ಲಿಂದ ಇಡೀ ದಿನ ಕಾರು. ಅಯೋವಾ ಪೂರ್ವದಿಂದ ಪಶ್ಚಿಮಕ್ಕೆ ಮುನ್ನೂರು ಮೈಲಿ. ನೆಬ್ರಾಸ್ಕಾ ಸಿಟಿಯಲ್ಲಿ ರಾತ್ರಿ. ಬೆನ್ನು ಹಿಡಿದುಕೊಂಡಿತ್ತು, ಬೇಗ ಮಲಗಿದೆ.

ಮೂರನೆಯ ದಿನ

ಬ್ರೌನ್‌ವಿಲ್ ಮಿಸ್ಸೂರಿ ನದಿಯ ದಂಡೆಯ ಪುಟ್ಟ ಊರು. 1854ರಲ್ಲಿ ಹುಟ್ಟಿದ್ದು. ಸ್ಟೀಮರುಗಳು ಬರುತ್ತಿದ್ದ ಕಾಲದಲ್ಲಿ ದೊಡ್ಡ ಪೇಟೆಯಾಗಿತ್ತಂತೆ. ರೈಲು ಬೇರೆ ದಾರಿ ಹಿಡಿಯಿತು, ಕೌಂಟಿ ಕಚೇರಿ ಆಬರ್ನ್‌ಗೆ ಹೋಯಿತು. ಈಗ ಇಟ್ಟಿಗೆಯ ಹಳೆಯ ಮನೆಗಳು, ಇಳಿಜಾರಿನ ಒಂದು ಪೇಟೆ ಬೀದಿ, ಅಷ್ಟೇ. ಆದರೂ ಆ ಬೀದಿಯಲ್ಲಿ ನಡೆಯುವಾಗ ಮೈ ಜುಮ್ಮೆಂದಿತು. ಭೂಕಚೇರಿ ಇದ್ದ ಊರು, ನನ್ನಂಥವರು ಕೂತು ಕೆಲಸ ಮಾಡಿದ ಊರು.

ಜನ ಹೇಳುವ ಕತೆ ಹೀಗಿದೆ. ಫ್ರೀಮನ್ ಸೈನ್ಯದಲ್ಲಿದ್ದ. ರಜೆ ಮುಗಿಯುತ್ತಿತ್ತು, ಬೆಳಿಗ್ಗೆ ಕಚೇರಿ ತೆರೆಯುವ ತನಕ ಕಾಯುವ ಹಾಗಿರಲಿಲ್ಲ. ಹೊಸ ವರ್ಷದ ಹಿಂದಿನ ರಾತ್ರಿ ಊರಲ್ಲಿ ಕುಣಿತ ನಡೆದಿತ್ತು. ಅಲ್ಲಿ ಭೂಕಚೇರಿಯವರನ್ನು ಹಿಡಿದು ಒಪ್ಪಿಸಿ, ಹನ್ನೆರಡು ದಾಟಿದ ಕೂಡಲೇ ಬಾಗಿಲು ತೆಗೆಸಿ ಅರ್ಜಿ ಕೊಟ್ಟ. ಅರ್ಧ ರಾತ್ರಿಯ ಕತೆ ಎಷ್ಟರ ಮಟ್ಟಿಗೆ ನಿಜವೋ, ಅರ್ಜಿಯ ಮೇಲಿನ ನಂಬರು, ತಾರೀಖು ಮಾತ್ರ ಕಣ್ಣೆದುರಿವೆ. ಅದೇ ಜನವರಿ ಒಂದರಂದು ಡಕೋಟಾ ಪ್ರಾಂತ್ಯದ ವರ್ಮಿಲಿಯನ್‌ನಲ್ಲಿ ಮಾಲನ್ ಗೋರ್ ಎಂಬವನೂ ಅರ್ಜಿ ಕೊಟ್ಟಿದ್ದ. ಆದ್ದರಿಂದ ಇಡೀ ದೇಶಕ್ಕೇ ಇವನೇ ಮೊದಲು ಎಂದು ಗುದ್ದಿ ಹೇಳುವುದಕ್ಕಿಂತ, ಮೊದಲಿಗರಲ್ಲಿ ಒಬ್ಬ ಎಂದು ಬರೆದುಕೊಳ್ಳುವುದು ನ್ಯಾಯ.

ಅಲ್ಲಿಂದ 136ನೇ ಹೆದ್ದಾರಿ ನೇರ, ಫ್ರೀಮನ್ ಜಮೀನಿಗೆ ಹತ್ತಿರದ ಬಿಯಾಟ್ರಿಸ್ ಊರಿಗೆ. ಸುಮಾರು ಅರವತ್ತೈದು ಮೈಲಿ. ಒಂದೂಕಾಲು ಗಂಟೆಯ ದಾರಿ ನಮಗೆ. ಊರು ಬಿಗ್ ಬ್ಲೂ ನದಿಯ ಮೇಲಿದೆ. ಈ ನದಿಯ ಕೆಳಭಾಗದಲ್ಲಿ ಓಟೊ ಮತ್ತು ಮಿಸ್ಸೂರಿಯಾ ಜನರ ಮೀಸಲು ನೆಲ ಇತ್ತು. ಉಳಿದ ನೆಲವನ್ನೆಲ್ಲ 1854ರ ಒಪ್ಪಂದದಲ್ಲಿ ಬಿಟ್ಟುಕೊಟ್ಟಿದ್ದರು. ಮೀಸಲಾಗಿದ್ದದ್ದೂ ಉಳಿಯಲಿಲ್ಲ. 1881ರಲ್ಲಿ ಅವರನ್ನು ಈಗಿನ ಓಕ್ಲಹೋಮಾಕ್ಕೆ ಕಳಿಸಲಾಯಿತು. ಫ್ರೀಮನ್ ಆಗ ತನ್ನ ಹೊಲದಲ್ಲಿದ್ದ. ಅವರ ಗಾಡಿಗಳು ತೆಂಕಣ ದಿಕ್ಕಿಗೆ ಹೋದ ವರ್ಷ ಇವನ ತೋಟದ ಮರಗಳು ಫಲ ಕೊಡುವ ವಯಸ್ಸಿನಲ್ಲಿದ್ದವು. ಅರ್ಜಿ ಹಾಕಬಹುದಾದ 'ಖಾಲಿ' ಸರ್ಕಾರಿ ಜಮೀನು ಎಂದರೆ ಏನೆಂಬುದನ್ನು ನಾನು ಸರ್ವೆಯವನಾಗಿ ಇಲ್ಲಿ ನಿಂತು ಮತ್ತೆ ಯೋಚಿಸಬೇಕಾಯಿತು. ನಮ್ಮ ಪುಸ್ತಕಗಳಲ್ಲಿ ಗೋಮಾಳ, ಖರಾಬು ಎಂದು ಬರೆದ ಜಾಗದಲ್ಲೂ ಯಾರಾದರೂ ಇದ್ದೇ ಇರುತ್ತಿದ್ದರು.

ನಾಲ್ಕನೆಯ ದಿನ

ಫ್ರೀಮನ್‌ನ 160 ಎಕರೆ ಈಗ ರಾಷ್ಟ್ರೀಯ ಚಾರಿತ್ರಿಕ ಉದ್ಯಾನ. 1936ರಲ್ಲಿ ಸರ್ಕಾರ ಕಾಪಾಡಲು ತೀರ್ಮಾನಿಸಿತು. ಬಾಗಿಲಲ್ಲೇ ಒಂದು ಗೋಡೆ ಸಾಲು ಇದೆ. ಒಂದೊಂದು ರಾಜ್ಯದ ಆಕಾರದ ಲೋಹದ ಹಾಳೆ, ಆ ರಾಜ್ಯದಲ್ಲಿ ಎಷ್ಟು ಪಾಲು ನೆಲ ಈ ಕಾಯ್ದೆಯಡಿ ಹೋಯಿತೋ ಅಷ್ಟು ಕತ್ತರಿಸಿದೆ. ಮೂವತ್ತು ರಾಜ್ಯಗಳು. ಒಟ್ಟು 16 ಲಕ್ಷ ಹಕ್ಕುಪತ್ರ, 27 ಕೋಟಿ ಎಕರೆ. ದೇಶದ ಹತ್ತನೇ ಒಂದು ಭಾಗ. ಒಳಗೆ ಈ ಕಾಯ್ದೆಯಡಿ ಕೊನೆಯದಾಗಿ ಜಮೀನು ಪಡೆದವನ ಟ್ರಾಕ್ಟರ್ ಕೂಡ ಇದೆ. ಅಲಾಸ್ಕಾದ ಕೆನ್ ಡೀರ್ಡಾರ್ಫ್‌ಗೆ ಹಕ್ಕುಪತ್ರ ಸಿಕ್ಕಿದ್ದು 1988ರಲ್ಲಿ.

ವಾಹನ ನಿಲ್ಲಿಸುವ ಜಾಗವನ್ನು ಸರಿಯಾಗಿ ಒಂದು ಎಕರೆ ಮಾಡಿದ್ದಾರೆ, ಎಕರೆ ಎಂದರೆ ಎಷ್ಟು ಎಂದು ಜನಕ್ಕೆ ತಿಳಿಯಲಿ ಎಂದು. ಮೊಮ್ಮಗಳ ಜೊತೆ ಅದರ ಸುತ್ತ ನಡೆದೆ. "ಇಂಥದ್ದು ನೂರರುವತ್ತಾ ತಾತ?" ಎಂದು ಬಾಯಿ ಬಿಟ್ಟಳು. ನಮ್ಮೂರಲ್ಲಿ ಎರಡು ಎಕರೆ ಹದಿನಾರು ಗುಂಟೆಗೆ ಮೂರು ಜನ ಅಣ್ಣತಮ್ಮಂದಿರು ಕೋರ್ಟು ಹತ್ತಿದ್ದನ್ನು ಅವಳಿಗೆ ಹೇಳಲಿಲ್ಲ.

ಆಮೇಲೆ ಹಾಳೆ ಹಿಡಿದು ಚಕ್ಕುಬಂದಿ ನೋಡಲು ಹೊರಟೆ. ಅರ್ಜಿಯಲ್ಲಿ ಬರೆದಿರುವುದು ಹೀಗೆ: ಟೌನ್‌ಶಿಪ್ 4 ಉತ್ತರ, ರೇಂಜ್ (ಪೂರ್ವ-ಪಶ್ಚಿಮವಾಗಿ ಟೌನ್‌ಶಿಪ್ ಎಣಿಸುವ ಸಾಲು) 5 ಪೂರ್ವ, ಸೆಕ್ಷನ್ 26, ಅದರಲ್ಲಿ ವಾಯವ್ಯ ಕಾಲು ಭಾಗದ ದಕ್ಷಿಣಾರ್ಧ, ವಾಯವ್ಯ ಕಾಲಿನ ಈಶಾನ್ಯ ಕಾಲು, ಈಶಾನ್ಯ ಕಾಲಿನ ನೈಋತ್ಯ ಕಾಲು. ಬೆಂಚಿನ ಮೇಲೆ ಕೂತು ಟಿಪ್ಪಣಿ ಹಾಳೆಯಲ್ಲಿ ಗೀಚಿ ನೋಡಿದೆ. ನಲವತ್ತು ಎಕರೆಯ ನಾಲ್ಕು ಚೌಕ. ಮೂರು ಒಂದೇ ಸಾಲಿನಲ್ಲಿ, ನಾಲ್ಕನೆಯದು ನಡುವಿನದರ ತಲೆಯ ಮೇಲೆ. ಅಚ್ಚುಕಟ್ಟಾದ ಒಂದು ದೊಡ್ಡ ಚೌಕ ಕೇಳಬಹುದಿತ್ತಲ್ಲ, ಯಾಕೆ ಹೀಗೆ ಎಂದು ತಲೆ ಕೆಡಿಸಿಕೊಂಡೆ. ಹೊಲದೊಳಗೆ ನಡೆದ ಮೇಲೆ ತಿಳಿಯಿತು. ಕಬ್ ಕ್ರೀಕ್ ಎಂಬ ಹಳ್ಳ ಈ ಜಾಗದೊಳಗೆ ಬಳುಕಿಕೊಂಡು ಹೋಗುತ್ತದೆ. ಹಳ್ಳದ ದಂಡೆಯಲ್ಲಿ ಮಾತ್ರ ಮರ. ನೀರು, ಸೌದೆ, ತೊಲೆ ಎಲ್ಲ ತನ್ನ ಗೆರೆಯೊಳಗೇ ಬರಲಿ ಎಂದು ಆರಿಸಿದ ಆಕಾರ ಅದು. ನೆಲ ಓದಲು ಬಲ್ಲವನು ಫ್ರೀಮನ್. ಅಂಥ ರೈತರನ್ನು ನಾನು ಬಹಳ ಗೌರವಿಸುತ್ತೇನೆ.

ಉಳಿದ ಹೊಲವನ್ನು ಮತ್ತೆ ಹಳೆಯ ಹುಲ್ಲುಗಾವಲಾಗಿ ಬೆಳೆಸಿದ್ದಾರೆ. ಬಿಗ್ ಬ್ಲೂಸ್ಟೆಮ್ ಎಂಬ ಹುಲ್ಲು ಸೆಪ್ಟೆಂಬರಿನಲ್ಲಿ ನನ್ನ ತಲೆಗಿಂತ ಎತ್ತರ. ದಂಟು ಹುರಿದ ಕಾಫಿ ಬೀಜದ ಕೆಂಪು. ತುದಿಯ ತೆನೆ ಮೂರಾಗಿ ಸೀಳಿ ಕೋಳಿ ಪಾದದಂತೆ ಹರಡಿಕೊಂಡಿರುತ್ತದೆ. ಒಂದನ್ನು ಬಗ್ಗಿಸಿ ಮೂಸಿದೆ, ಒಣ ಬಣವೆಯ ವಾಸನೆ. ಗಾಳಿ ಬಂದರೆ ಇಡೀ ಗುಡ್ಡ ಒಂದೇ ಕಡೆ ಮಲಗಿ ಏಳುತ್ತದೆ. ಈ ಹುಲ್ಲಿನ ಬೇರು ಆಳುದ್ದಕ್ಕೂ ಕೆಳಗೆ ಹೋಗಿ ನೆಲವನ್ನು ಹೊಲಿದಂತೆ ಹಿಡಿದಿರುತ್ತದೆ. ಅದನ್ನು ಮೊದಲ ಸಲ ಉಳುವುದೆಂದರೆ ಏನು ಕಷ್ಟ!

ಹುಲ್ಲಿನ ನಡುವೆ ನಿಂತು ಸಾಕ್ಷಿಗಳ ಹೇಳಿಕೆಯನ್ನು ಮೊಮ್ಮಗಳಿಗೆ ಕನ್ನಡದಲ್ಲಿ ಓದಿ ಹೇಳಿದೆ. ಮನೆ 14 ಅಡಿ, 20 ಅಡಿ. ಅರ್ಧ ತೊಲೆಯದು, ಅರ್ಧ ಹಲಗೆಯದು. ಒಂದೇ ಅಂತಸ್ತು. ಎರಡು ಬಾಗಿಲು, ಎರಡು ಕಿಟಕಿ. ಹಲಗೆಯ ನೆಲ. ಉತ್ತು ಬೇಲಿ ಹಾಕಿದ್ದು ಸುಮಾರು 35 ಎಕರೆ. ಒಂದು ಲಾಯ, ನೂರಡಿ ಉದ್ದದ ಕುರಿ ಕೊಟ್ಟಿಗೆ, ಜೋಳದ ಕಣಜ. 40 ಸೇಬಿನ ಗಿಡ, ಸುಮಾರು 400 ಪೀಚ್ ಗಿಡ.

ನಾನೂರು! ಐದು ವರ್ಷದಲ್ಲಿ, ಈ ಹುಲ್ಲಿನ ನಡುವೆ. ಎಳೆ ಗಿಡಕ್ಕೆ ನೀರು ಹೊತ್ತವರು ಯಾರು? ಹಳ್ಳದಿಂದ ಮೇಲಕ್ಕೆ ಬಕೆಟ್ ತಂದ ಕೈ ಯಾರದು? ಆ ಪ್ರಶ್ನೆ ಕೇಳುವ ಅಂಕಣ ಆ ಮಹಜರಿನಲ್ಲಿ ಇಲ್ಲ, ನಮ್ಮದರಲ್ಲೂ ಇಲ್ಲ. 1863ರ ಜನವರಿ 1ರಿಂದ ಇದುವೇ ಅವನ ಒಂದೇ ಮನೆಯಾಗಿತ್ತು ಎಂದೂ ಸಾಕ್ಷಿಗಳು ಹೇಳಿದ್ದಾರೆ. ನಡುವೆ ಯುದ್ಧವಿತ್ತು, ಅಯೋವಾಕ್ಕೆ ಹೋದ ಮದುವೆಯಿತ್ತು. ಕಾಯ್ದೆ ಏನು ಕೇಳುತ್ತದೋ ಆ ಮಾತನ್ನೇ ಹೇಳಿಕೆಯಲ್ಲಿ ಬರೆಯುವ ಪದ್ಧತಿ ಎಲ್ಲ ಕಡೆಯೂ ಒಂದೇ ಎಂದು ಕಾಣುತ್ತದೆ.

ಫ್ರೀಮನ್ ಕಟ್ಟಿದ ಮನೆ ಇಂದು ನಿಂತಿಲ್ಲ. ಅದರ ಅಂದಾಜು ಸಿಗಲೆಂದು ಹತ್ತಿರದ ಬೇರೆ ಕುಟುಂಬವೊಂದು 1867ರಲ್ಲಿ ಕಟ್ಟಿದ ತೊಲೆಮನೆಯನ್ನು ತಂದು ಇಟ್ಟಿದ್ದಾರೆ. 14 ಅಡಿ, 16 ಅಡಿ. ಮಗಳು ಒಳಗೆ ಹೋಗಿ ಒಲೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. "ಅಪ್ಪ, ನಾನು ಇಲ್ಲಿಗೆ ಬಂದ ಮೊದಲ ಚಳಿಗಾಲ ನೆನಪಾಯ್ತು" ಅಂದಳು. ಹನ್ನೆರಡು ವರ್ಷದಲ್ಲಿ ಆ ಚಳಿಗಾಲದ ಬಗ್ಗೆ ಅವಳು ನನ್ನ ಹತ್ತಿರ ಮಾತಾಡಿದ್ದು ಅದೇ ಮೊದಲು. ಅಲ್ಲೇ ಹಲಗೆಯ ಮೇಲೆ ಕೂತು ಹೇಳಿದಳು, ನಾನು ಕೇಳಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ.

ಐದನೆಯ ದಿನ

ಹೊರಡುವ ಮೊದಲು ಎರಡು ಜಾಗ ಬಾಕಿ ಇತ್ತು.

ಒಂದು, ಉದ್ಯಾನದ ಪಶ್ಚಿಮಕ್ಕಿರುವ ಕೆಂಪು ಇಟ್ಟಿಗೆಯ ಒಂದೇ ಕೋಣೆಯ ಶಾಲೆ. 1872ರದು. 1967ರವರೆಗೂ ಮಕ್ಕಳು ಓದಿದ್ದಾರೆ. ಹೆಸರು ಫ್ರೀಮನ್ ಶಾಲೆ. ಆದರೆ ವಂಶವೃಕ್ಷ ಬರೆಯುವವರು ಎಡವುವುದು ಇಂಥಲ್ಲೇ. ಇಟ್ಟಿಗೆ ಮಾಡುತ್ತಿದ್ದ ಥಾಮಸ್ ಫ್ರೀಮನ್ ಎಂಬ ಇನ್ನೊಬ್ಬನಿದ್ದ, ಶಾಲೆಗೆ ಹೆಸರು ಬಂದದ್ದು ಅವನಿಂದ ಎನ್ನುವವರೂ ಇದ್ದಾರೆ. ಡೇನಿಯಲ್‌ನ ನಿಜವಾದ ಗುರುತು ಈ ಶಾಲೆಯ ಮೇಲೆ ಬೇರೆ ರೀತಿಯಲ್ಲಿ ಉಳಿದಿದೆ. 1899ರಲ್ಲಿ ಇಲ್ಲಿ ಶಿಕ್ಷಕಿಯೊಬ್ಬರು ತರಗತಿಯಲ್ಲಿ ಬೈಬಲ್ ಓದಿಸಿ ಪ್ರಾರ್ಥನೆ ಮಾಡಿಸುತ್ತಿದ್ದರು. ಸರ್ಕಾರಿ ಶಾಲೆಯಲ್ಲಿ ಇದು ಸಲ್ಲದು ಎಂದು ಅವನು ಆಕ್ಷೇಪಿಸಿದ. ಶಾಲಾ ಮಂಡಳಿ ಕೇಳಲಿಲ್ಲ, ಕೆಳಗಿನ ಕೋರ್ಟಿನಲ್ಲೂ ಸೋತ. ಎಪ್ಪತ್ತು ದಾಟಿದ ಮುದುಕ ಮೇಲಿನ ಕೋರ್ಟಿಗೆ ಹೋಗಿ 1902ರಲ್ಲಿ ನೆಬ್ರಾಸ್ಕಾ ಸುಪ್ರೀಂ ಕೋರ್ಟಿನಲ್ಲಿ ಗೆದ್ದ. ದೇಶದ ಸುಪ್ರೀಂ ಕೋರ್ಟು ಇಂಥದ್ದೇ ತೀರ್ಪು ಕೊಟ್ಟದ್ದು 1963ರಲ್ಲಿ. ಹಟದ ಮನುಷ್ಯ. ಅರ್ಧ ರಾತ್ರಿ ಕಚೇರಿ ತೆಗೆಸಿದ ಕತೆ ಯಾಕೆ ಇವನಿಗೇ ಅಂಟಿಕೊಂಡಿತು ಎಂದು ಆ ಶಾಲೆಯ ಬೆಂಚಿನ ಮೇಲೆ ಕೂತಾಗ ಅರ್ಥವಾಯಿತು.

ಎರಡನೆಯದು ಸಮಾಧಿ. ಡೇನಿಯಲ್ 1908ರ ಡಿಸೆಂಬರಿನಲ್ಲಿ ತೀರಿಕೊಂಡ. ಅವನ ನಂತರವೂ ಆಗ್ನೆಸ್ ಬಹಳ ವರ್ಷ ಬದುಕಿದ್ದಳು. ಇಬ್ಬರೂ ಅದೇ ಜಮೀನಿನಲ್ಲಿ, ಪೂರ್ವದ ದಿಬ್ಬದ ಮೇಲೆ ಇದ್ದಾರೆ. ಅಲ್ಲಿ ಹೂವು ಸಿಗಲಿಲ್ಲ, ಉದ್ಯಾನದಲ್ಲಿ ಕೀಳುವ ಹಾಗೂ ಇಲ್ಲ. ಮೊಮ್ಮಗಳು ತನ್ನ ತಲೆಗೆ ಕಟ್ಟಿಕೊಂಡಿದ್ದ ಹಳದಿ ರಿಬ್ಬನ್ ಬಿಚ್ಚಿ ಕಲ್ಲಿನ ಬುಡದಲ್ಲಿಡಲು ಹೋದಳು. ಅದು ಗಾಳಿಗೆ ಹಾರಿ ಹುಲ್ಲು ಸೇರುತ್ತದೆ ಎಂದು ಮಗಳು ತಡೆದಳು. ಕೈ ಮುಗಿದು ಬಂದೆವು.

ವಾಪಸು ದಾರಿಯಲ್ಲಿ, ಅಯೋವಾದ ಒಂದು ಪೆಟ್ರೋಲ್ ಬಂಕಿನ ಮೇಜಿನ ಮೇಲೆ, ಹಾಳೆಯ ಹಿಂಬದಿಯಲ್ಲಿ ವಂಶವೃಕ್ಷ ಬರೆದೆ. ನಾಡಕಚೇರಿಯ ನಮೂನೆಯಂತೆಯೇ. ಡೇನಿಯಲ್ (ಮೃತ). ಮೊದಲನೇ ಹೆಂಡತಿ ಎಲಿಜಬೆತ್ (ಮೃತ). ಎರಡನೇ ಹೆಂಡತಿ ಆಗ್ನೆಸ್, ತವರು ಸೂಟರ್ ಮನೆತನ, ಲಿಕ್ಲೇರ್ (ಮೃತ). ಕೆಳಗೆ ಮಕ್ಕಳ ಸಾಲಿಗೆ ಜಾಗ ಬಿಟ್ಟೆ. ಪಕ್ಕದಲ್ಲಿ ತಮ್ಮ ಜೇಮ್ಸ್, ಅವಿವಾಹಿತ (ಮೃತ). ನಮ್ಮ ಪದ್ಧತಿಯಲ್ಲಿ ಅವನ ಕೊಂಬೆ ಅಲ್ಲಿಗೆ ನಿಲ್ಲುತ್ತದೆ.

ಮೊಮ್ಮಗಳು ಪೆನ್ಸಿಲ್ ಇಸಿದುಕೊಂಡಳು. ಜೇಮ್ಸ್‌ನಿಂದ ಆಗ್ನೆಸ್‌ವರೆಗೆ ಚುಕ್ಕೆ ಚುಕ್ಕೆಯಾಗಿ ಒಂದು ಗೆರೆ ಎಳೆದು, ಅದರ ಮೇಲೆ ಪುಟ್ಟದಾಗಿ ಒಂದು ಕಾಗದದ ಲಕೋಟೆ ಬರೆದಳು. ನಾನು ಅದನ್ನು ಅಳಿಸಲಿಲ್ಲ. ಕೆಳಗೆ ತಾರೀಖು ಹಾಕಿ ಸಹಿ ಮಾಡಿದೆ.